ಜ್ವರದ ದಿನದ ಆಟ

ಕಟ್ಟಿನಿಂದ ಎಲೆ ತೆಗೆಯುವ ಮುಂಚೆ ಅತ್ತೆ ಬಲಗೈ ಹೆಬ್ಬೆರಳನ್ನು ಸೆರಗಿನ ತುದಿಗೆ ಒರೆಸಿಕೊಳ್ಳುತ್ತಿದ್ದರು. ಬೆರಳು ಒಣಗಿದ್ದರೂ ಸರಿಯೇ, ಒರೆಸಲೇಬೇಕು. ಆ ಉಗುರಿನ ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ಕರೆ ಖಾಯಂ ಆಗಿ ಕೂತಿತ್ತು. ಸೋಪಿಗೂ ನಿಂಬೆಹಣ್ಣಿಗೂ ಅದು ಜಗ್ಗಿರಲಿಲ್ಲ. "ಒದ್ದೆ ಸೊಪ್ಪು ತಿಂದ್ರೆ ಹುಳ ಕಾಯಿಲೆ ಬೀಳುತ್ತೆ ಕಣಮ್ಮ. ಒದ್ದೆ ಕೈ ಎಲೆಗೂ ಒಳ್ಳೇದಲ್ಲ" ಅನ್ನುತ್ತಿದ್ದರು. ಎಲೆಗೆ ನಾನು ಪ್ಲಾಸ್ಟಿಕ್ ಕವರು ಹಾಕಿದ್ದೇನೆ, ನೀರು ಬಿದ್ದರೂ ಏನೂ ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

ಅವರು ಎಲೆ ಎನ್ನುತ್ತಿದ್ದದ್ದು ನನ್ನ ಕಾರ್ಡುಗಳನ್ನು. ಇಸ್ಪೀಟಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ರೂಮಿನ ಗೆಳತಿಯೊಬ್ಬಳು ಹಿಡಿಸಿದ ಹುಚ್ಚು. ಡ್ರ್ಯಾಗನ್ನು, ಮಾಟಗಾತಿ, ಸೈನಿಕ, ಹುಳಹುಪ್ಪಟೆ ಅಂತ ಒಂದೊಂದು ಕಾರ್ಡಿನಲ್ಲಿ ಒಂದೊಂದು ಜೀವ. ಅದು ಏನು ಮಾಡಬಲ್ಲದು ಅನ್ನುವುದು ಕೆಳಗೆ ಎರಡು ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಟ್ಟು. ಇದರಲ್ಲಿ ಒಬ್ಬೊಬ್ಬರೂ ತಮ್ಮ ಹತ್ತಿರ ಇರುವ ಕಾರ್ಡುಗಳಲ್ಲಿ ಆರಿಸಿ, ತಮ್ಮದೇ ಕಟ್ಟು ಕಟ್ಟಿಕೊಂಡು ಎದುರುಬದುರು ಕೂರಬೇಕು. ಪಂದ್ಯಕ್ಕೆ ಹೋಗುವವರು ಗೆಲ್ಲಲೆಂದೇ ಕಟ್ಟುತ್ತಾರೆ. ನಮ್ಮಂಥವರು ಇದ್ದದ್ದರಲ್ಲೇ ಮಜಕ್ಕೆ ಕಟ್ಟುತ್ತೇವೆ. ಆಡುವುದಕ್ಕಿಂತ ಕಟ್ಟುವುದೇ ನನಗೆ ಇಷ್ಟ.

ಜಂಗಮಕೋಟೆಗೆ ಮದುವೆಯಾಗಿ ಬಂದಾಗ ಆ ಕಾರ್ಡುಗಳೂ ಮೈಸೂರುಪಾಕಿನ ಡಬ್ಬದಲ್ಲಿ, ಸೀರೆಗಳ ಕೆಳಗೆ ಅಡಗಿಕೊಂಡು ಬಂದವು. ಅತ್ತೆ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದು ರಿಟೈರಾದವರು. ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ನಮ್ಮ ಮನೆಯವರು ರೇಷ್ಮೆಹುಳ ಸಾಕುತ್ತಿದ್ದರು, ನಾನು ಶಿಡ್ಲಘಟ್ಟದ ಒಂದು ಕಾಲೇಜಿನ ಲೈಬ್ರರಿಗೆ ಹೋಗಿಬರುತ್ತಿದ್ದೆ. ನಮ್ಮಪ್ಪನದು ಮಂಚೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಹುಳದ ವಿಷಯದ ಗಂಧಗಾಳಿ ನನಗಿರಲಿಲ್ಲ.

ಅತ್ತೆ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಸಾರಿಗೆ ಉಪ್ಪು ಜಾಸ್ತಿಯಾದರೆ "ಪರವಾಗಿಲ್ಲಮ್ಮ", ಮುದ್ದೆ ಗಂಟಾದರೆ "ಇರಲಿ ಬಿಡಮ್ಮ", ಹಾಲು ಉಕ್ಕಿ ಒಲೆ ಆರಿದರೂ "ನೀನು ಕೂತ್ಕೊಳಮ್ಮ, ನಾನು ಒರೆಸ್ತೀನಿ." ನನ್ನ ಗೆಳತಿಯರು ಅತ್ತೆ ಬೈದರೆಂದು ಫೋನಿನಲ್ಲಿ ಅಳುತ್ತಿದ್ದರು. ನನಗೆ ಬೈಯಲಿಲ್ಲವೆಂದು ಅಳು ಬರುತ್ತಿತ್ತು. ಮನೆಗೆ ಬಂದ ನೆಂಟರನ್ನು ಯಾರಾದರೂ ಬೈಯುತ್ತಾರೆಯೇ? ಹೀಗೇ ನೆಂಟರ ಹಾಗೆ ಇದ್ದುಕೊಂಡು ಇದೇ ಮನೆಯಲ್ಲಿ ಮುದುಕಿಯಾಗಿಬಿಡುತ್ತೇನೋ ಎಂದು ನಿಜವಾಗಿಯೂ ಹೆದರಿದ್ದೆ.

ಆಗ ಬಂತು ಜ್ವರ. ಮದುವೆಯಾದ ಮೇಲೆ ಮೊದಲ ಸಲ ಮನೆಗೆ ಹುಳ ತಂದಿದ್ದರು. ಲೈಬ್ರರಿಯಲ್ಲಿದ್ದೆ, ಅತ್ತೆಯ ಫೋನು. "ಇವತ್ತು ಜ್ವರ ಕಣಮ್ಮ. ಆದ್ರೆ ಬೇಗ ಬಾ" ಎಂದು ಇಟ್ಟುಬಿಟ್ಟರು. ಯಾವತ್ತೂ ಏನನ್ನೂ ಕೇಳದ ಹೆಂಗಸು ಬಾ ಅನ್ನಬೇಕಾದರೆ ಜ್ವರ ಎಷ್ಟಿರಬೇಕು? ಅರ್ಧ ದಿನ ರಜ ಹಾಕಿ, ಮಾತ್ರೆ, ಥರ್ಮಾಮೀಟರು, ಬ್ರೆಡ್ಡು, ಎಳನೀರು ಎಲ್ಲ ಕಟ್ಟಿಸಿಕೊಂಡು ಆಟೊ ಹಿಡಿದು ಬಂದೆ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದ ಮನೆಯ ಚಿಕ್ಕತ್ತೆಯೂ ಇದ್ದರು. ಅವರು ನಮ್ಮ ಚಿಕ್ಕಮಾವನ ಹೆಂಡತಿ, ಅತ್ತೆಯ ಓರಗಿತ್ತಿ.

ನಾನು ಹೋದವಳೇ ಅತ್ತೆಯ ಹಣೆ ಮುಟ್ಟಿದೆ. ತಣ್ಣಗಿತ್ತು.

"ನಂಗಲ್ಲಮ್ಮ ಜ್ವರ" ಅಂದರು ಅತ್ತೆ. "ಹುಳಕ್ಕೆ."

ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಮಲಗುತ್ತದೆ. ಈ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ. ಮೊದಲಿನ ಎರಡು ಮುಗಿದ ಹುಳವನ್ನೇ ಈಗ ಎಲ್ಲರೂ ತರುವುದರಿಂದ ಮನೆಯಲ್ಲಿ ಆಗುವುದು ಮೂರನೆಯದು, ನಾಲ್ಕನೆಯದು. ಅವತ್ತು ಸೊಪ್ಪು ಹಾಕುವ ಕೆಲಸವಿಲ್ಲ. ಇಷ್ಟನ್ನು ಅತ್ತೆ ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿ ಮುಗಿಸುವುದರೊಳಗೆ ಚಿಕ್ಕತ್ತೆ ನನ್ನ ಕೈಚೀಲ ಬಗ್ಗಿ ನೋಡಿದ್ದಾಗಿತ್ತು. ಚಿಂತಾಮಣಿ ಕಡೆಯವರು, ನಗು ಬಂದರೆ ಬಾಯಿಗೆ ತೆಲುಗು ಬರುತ್ತದೆ. "ಅಯ್ಯೋ ದೇವುಡಾ, ಹುಳಕ್ಕೆ ಥರ್ಮಾಮೀಟ್ರು ತಂದವಳೆ" ಎಂದು ಕಂಬ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

"ಮತ್ತೆ ನನ್ನನ್ಯಾಕೆ ಬಾ ಅಂದ್ರಿ?" ಎಂದು ಕೇಳಿದೆ. ಸ್ವಲ್ಪ ಕೋಪವೂ ಬಂದಿತ್ತು.

ಅತ್ತೆ ಕಡಲೆಕಾಯಿ ಸಿಪ್ಪೆ ಒಟ್ಟು ಮಾಡುತ್ತಾ, "ಇವತ್ತು ನಂಗೆ ಕೆಲಸ ಇಲ್ಲ, ನೀನೂ ಮನೇಲಿರ್ತೀಯ ಅಂತ" ಅಂದರು. ಆಮೇಲೆ, "ಭಾನುವಾರ ಬಂದ್ರೆ ಬಾಗಿಲು ಮುಂದೆ ಮಾಡ್ಕೊಂಡು ಅದೇನೋ ಹರಡ್ಕೊಂಡು ಕೂತಿರ್ತೀಯಲ್ಲ, ಅದೇನು ಅಂತ ನಂಗೂ ತೋರಿಸ್ತೀಯ?"

ಹಳೆಯ ಬಿದಿರು ತಟ್ಟೆಯೊಂದು ಅಟ್ಟದ ಮೇಲಿತ್ತು. ಹಿಂದೆ ಅದರಲ್ಲಿ ಹುಳ ಸಾಕುತ್ತಿದ್ದರಂತೆ. ಅದನ್ನು ಇಳಿಸಿ ನನ್ನ ಕಾರ್ಡುಗಳನ್ನೆಲ್ಲ ಅದರೊಳಗೆ ಸುರಿದರು. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಪಠ್ಯಪುಸ್ತಕ ಓದುವ ಹಾಗೆ ಗಟ್ಟಿಯಾಗಿ ಓದಿದರು. ಯಾವ ಜೀವವನ್ನು ಆಟಕ್ಕೆ ಇಳಿಸಬೇಕಾದರೂ ಅದಕ್ಕೆ ತಕ್ಕಷ್ಟು ಶಕ್ತಿಯ ಕಾರ್ಡುಗಳು ಬೇಕು ಎಂದು ನಾನು ವಿವರಿಸಲು ಹೊರಟರೆ, ಅತ್ತೆ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಶಕ್ತಿ ಅಂದರೆ ಸೊಪ್ಪು. "ತೋಟದಲ್ಲಿ ಸೊಪ್ಪೆಷ್ಟಿದೆಯೋ ಅಷ್ಟೇ ಹುಳ ತರಬೇಕು. ಆಸೆಬಿದ್ದು ಜಾಸ್ತಿ ತಂದ್ರೆ ಎಲ್ಲಾ ಉಪವಾಸ." ಅಲ್ಲಿಂದ ನಮ್ಮ ಮನೆಯಲ್ಲಿ ಶಕ್ತಿ ಕಾರ್ಡಿಗೆ ಸೊಪ್ಪು ಎಂದೇ ಹೆಸರು, ಜ್ವರದ ದಿನವೆಂದರೆ ಆಟದ ದಿನ.

ಅವರು ಕಟ್ಟಿದ ಮೊದಲ ಕಟ್ಟು ಪೂರಾ ಹುಳಗಳದು. ಜೀರುಂಡೆ, ಗೊದ್ದ, ಮಿಡತೆ, ಕಂಬಳಿಹುಳ. ಹೊಳೆಯುವ ಡ್ರ್ಯಾಗನ್ ಒಂದಿತ್ತು, ನನ್ನ ಡಬ್ಬದ ಅತಿ ಜೋರಾದ ಕಾರ್ಡು, ತಗೊಳ್ಳಿ ಎಂದು ಕೊಟ್ಟರೆ ಹಿಂದಕ್ಕೆ ತಳ್ಳಿದರು. "ಇದೊಂದೇ ಎಲ್ಲಾ ಸೊಪ್ಪು ತಿಂದುಹಾಕುತ್ತೆ. ಮಿಕ್ಕಿದ್ದು ಏನು ತಿನ್ಬೇಕು?" ಅವರಿಗೆ ಬಹಳ ಹಿಡಿಸಿದ್ದು ಒಂದು ಮಂಕು ಕಂಬಳಿಹುಳ. ಅದನ್ನು ಕೆಳಗಿಟ್ಟರೆ ಸುಮಾರು ಸರದಿ ಏನೂ ಮಾಡದೆ ಬಿದ್ದಿರುತ್ತದೆ. ಅಷ್ಟು ಹೊತ್ತು ಯಾರೂ ಅದನ್ನು ಕೊಲ್ಲದೆ ಬಿಟ್ಟರೆ, ಕೈಯಲ್ಲಿರುವ ಪತಂಗದ ಕಾರ್ಡನ್ನು ಅದರ ಮೇಲಿಡಬಹುದು. ಪತಂಗ ಬಂತೆಂದರೆ ಆಟ ಮುಗಿಯಿತು. ಆದರೆ ಬರುವುದು ಯಾವಾಗ? ಅಷ್ಟರಲ್ಲಿ ನನ್ನ ಬೆಂಕಿ ಕಾರ್ಡು ಬಂದು ಹುಳವನ್ನು ಸುಟ್ಟಿರುತ್ತಿತ್ತು. ಅತ್ತೆ ಸೋಲುವುದೇ ಹೆಚ್ಚು.

ಸೋತರೆ ನಗುನಗುತ್ತಾ ಏಳುವ ಸಾಧ್ವಿ ಎಂದು ತಿಳಿಯಬೇಡಿ. ಮುಖ ದಪ್ಪ ಮಾಡಿಕೊಂಡು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದರು. ಇಟ್ಟ ಎಲೆಯನ್ನು "ಅಯ್ಯೋ, ಕಣ್ಣು ಕಾಣಿಸಲಿಲ್ಲ" ಎಂದು ವಾಪಸ್ಸು ತೆಗೆದುಕೊಳ್ಳುವುದು ಬೇರೆ. ಬೆಳಗ್ಗೆ ಅಕ್ಕಿಯಲ್ಲಿ ಸಾಸಿವೆಯಷ್ಟು ಕಲ್ಲು ಹುಡುಕಿದ್ದ ಕಣ್ಣೇ ಅದು. ಅಪರೂಪಕ್ಕೆ ಗೆದ್ದರೆ ಮಾತ್ರ "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಎರಡು ದಿನ ಹೇಳಿಕೊಂಡು ತಿರುಗುತ್ತಿದ್ದರು.

ಅತ್ತೆ ಸೊಸೆ ಹಗಲು ಹೊತ್ತು ಕೂತು ಇಸ್ಪೀಟ್ ಆಡುತ್ತಾರೆಂದು ಒಂದು ದಿನ ಸುದ್ದಿ ಹಬ್ಬಿತು. ಹಬ್ಬಿಸಿದ್ದು ಚಿಕ್ಕತ್ತೆ. ಅತ್ತೆ ಜಗಳಕ್ಕೆ ಹೋಗಲಿಲ್ಲ. ಮುಂದಿನ ಜ್ವರದ ದಿನ ಅವರನ್ನೇ ಕರೆದು ತಟ್ಟೆಯ ಮುಂದೆ ಕೂರಿಸಿ, ಕೈಗೆ ಒಂದು ಕಟ್ಟು ಕೊಟ್ಟರು. ಚಿಕ್ಕತ್ತೆ ಎಲೆಗಳನ್ನು ಬೀಸಣಿಗೆಯ ಹಾಗೆ ಎಷ್ಟು ಕೆಳಗೆ ಬಗ್ಗಿಸಿ ಹಿಡಿಯುತ್ತಿದ್ದರೆಂದರೆ ಎದುರಿನವರಿಗೆ ಅರ್ಧ ಕಾಣುತ್ತಿತ್ತು. ಇವತ್ತಿಗೂ ಹಾಗೇ ಹಿಡಿಯುತ್ತಾರೆ. ಆಡುವ ರುಚಿ ಹತ್ತಿದ ಮೇಲೆ ಸುದ್ದಿ ನಿಂತಿತು.

ನಾನು ಹೇಳಬೇಕೆಂದಿರುವ ದಿನ ಬೇರೆ. ಅತ್ತೆ ಸತತವಾಗಿ ಸೋತು ಸುಣ್ಣವಾಗಿದ್ದ ಕಾಲ ಅದು. ಅವತ್ತು ಅವರ ಕಂಬಳಿಹುಳ ತಟ್ಟೆಯ ಮೇಲೆ ಬಿದ್ದಿತ್ತು. ನನ್ನ ಕೈಯಲ್ಲಿ ಬೆಂಕಿ ಇತ್ತು. ಪಾಪ ಅನಿಸಿ, ಬೆಂಕಿಯನ್ನು ಹಿಂದಕ್ಕೆ ಸರಿಸಿ ಯಾವುದೋ ಸೈನಿಕನನ್ನು ಇಟ್ಟೆ. ಪತಂಗ ಎದ್ದಿತು, ಅತ್ತೆ ಗೆದ್ದರು. ಗೆದ್ದವರು ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿ ನನ್ನ ಎಲೆಗಳನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು.

"ಬೇಕಂತ ಸೋಲ್ತೀಯೇನೇ?" ಅಂದರು. ದನಿ ಹಿತ್ತಲಿನವರೆಗೂ ಕೇಳಿಸಿತು. "ನಾನೇನು ನಿಂಗೆ ನೆಂಟ್ರಾ, ಉಪಚಾರ ಮಾಡೋಕೆ? ಮನೆಯವರ ಜೊತೆ ಆಡೋ ಹಾಗೆ ಆಡು. ಆಗಲ್ಲಾಂದ್ರೆ ಎದ್ದೋಗು. ಉಪ್ಪು ಹಾಕೋಕೂ ಬರಲ್ಲ, ಸುಳ್ಳು ಆಡೋಕೂ ಬರಲ್ಲ ನಿಂಗೆ."

ಇಷ್ಟು ದಿನ ತಿಂದ ಉಪ್ಪೆಲ್ಲ ನೆನಪಿಟ್ಟುಕೊಂಡಿದ್ದರು. ಅಲ್ಲಿಯವರೆಗೆ ನಾನು ಅವರ ಬಾಯಲ್ಲಿ ಬರೀ 'ಅಮ್ಮ'. 'ಏನೇ' ಅಂದದ್ದು ಅವತ್ತೇ ಮೊದಲು. ನನಗೆ ಅಳು ಬಂತು, ಜೊತೆಗೆ ನಗುವೂ ಬಂತು. ಆ ಮನೆಗೆ ನಾನು ಅಕ್ಕಿ ಒದ್ದು ಬಂದದ್ದು ಮದುವೆಯ ದಿನವಾದರೂ, ಒಳಗೆ ಬಂದದ್ದು ಬೈಸಿಕೊಂಡ ಆ ದಿನ. ಅಲ್ಲಿಂದ ಮುಂದೆ ಅತ್ತೆ ನನ್ನನ್ನು ಧಾರಾಳವಾಗಿ ಬೈದರು. ನಾನು ಅವರ ಹುಳಗಳನ್ನು ಧಾರಾಳವಾಗಿ ಸುಟ್ಟೆ.

ಅವರ ಇನ್ನೊಂದು ನಿಯಮವೆಂದರೆ ಬಿಚ್ಚುವುದು. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ದಿನ ನಮ್ಮ ಕಟ್ಟುಗಳನ್ನೂ ಬಿಚ್ಚಿ, ಎಲ್ಲ ಎಲೆಗಳನ್ನೂ ತಟ್ಟೆಯಲ್ಲಿ ಕಲೆಸಿ, ಹೊಸದಾಗಿ ಕಟ್ಟಬೇಕು. ಚೆನ್ನಾಗಿ ಕೂಡಿಬಂದ ಕಟ್ಟನ್ನು ಬಿಚ್ಚಲು ನನಗೆ ಹೊಟ್ಟೆ ಉರಿಯುತ್ತಿತ್ತು. "ಹೊತ್ತಿಗೆ ಬಿಚ್ಚದ ಗೂಡು ತೂತಾಗುತ್ತೆ ಕಣೇ" ಅನ್ನುತ್ತಿದ್ದರು. ಗೂಡನ್ನು ಹಾಗೇ ಇಟ್ಟುಕೊಂಡರೆ ಒಳಗಿನ ಪತಂಗ ಕೊರೆದುಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಿಂದ ನೂಲು ಬರುವುದಿಲ್ಲ. ಶಿಡ್ಲಘಟ್ಟದ ಅರ್ಧ ಊರಿಗೆ ಅನ್ನ ಹಾಕುವುದು ಆ ಬಿಚ್ಚುವ ಕೆಲಸವೇ.

ಹೋದ ವರ್ಷ ಅತ್ತೆಗೇ ಜ್ವರ ಬಂತು. ಇಳಿಯಲಿಲ್ಲ, ಎದೆಗೆ ಹತ್ತಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದರೆ ಕಣ್ಣು ಬಿಟ್ಟು, "ಜ್ವರ ಕಣೇ" ಅಂದರು. "ಕಟ್ಟು ತಂದಿದೀಯಾ?"

ತಂದಿದ್ದೆ. ಅವರ ಕಟ್ಟಿಗೆ ಯಾವುದೋ ಹಳೆಯ ಲಂಗದ ಲಾಡಿ ತುಂಡು ಸುತ್ತಿರುತ್ತಿದ್ದರು. ಅದನ್ನು ಬಿಚ್ಚಿ ಮಂಚದ ಮೇಲೆ ಹರಡಿದೆ. ಸೆರಗು ಸಿಗಲಿಲ್ಲ, ಹೆಬ್ಬೆರಳನ್ನು ಆಸ್ಪತ್ರೆಯ ಹೊದಿಕೆಗೆ ಒರೆಸಿಕೊಂಡು ಎಲೆ ತೆಗೆದರು. ಕಂಬಳಿಹುಳ ಇಟ್ಟರು. ನನ್ನ ಕೈಗೆ ಬೆಂಕಿ ಬಂತು. ಅವರ ಮುಖ ನೋಡಿದೆ, ಅವರೂ ನನ್ನ ಮುಖ ನೋಡಿದರು. ಸುಟ್ಟೆ. "ಹಾಂ, ಹಂಗೆ" ಅಂದರು ಅತ್ತೆ. ಆಮೇಲೆ ದಿಂಬಿಗೆ ಒರಗಿ, "ಇದು ನಾಲ್ಕನೇ ಜ್ವರ ಇರಬೇಕು ಕಣೇ" ಎಂದು ಕಣ್ಣು ಮುಚ್ಚಿಕೊಂಡರು. ನಾನು ಲಾಡಿ ಸುತ್ತಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ. ಆ ಜ್ವರದಿಂದ ಅತ್ತೆ ಏಳಲಿಲ್ಲ.

ಆಮೇಲೆ ಮನೆಗೆ ಹುಳ ಬಂತು, ಗೂಡಾಯಿತು, ಮಾರ್ಕೆಟ್ಟಿಗೂ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅತ್ತೆಯ ಕಟ್ಟನ್ನು ನಾನು ಮುಟ್ಟಲಿಲ್ಲ. ಅವರು ಆರಿಸಿದ ಎಲೆಗಳು, ಅವರೇ ಜೋಡಿಸಿದ್ದು, ಒಂದು ಸಲ ಕಲೆಸಿದರೆ ಆ ಕಟ್ಟು ಇನ್ನೆಲ್ಲಿ ಸಿಗುತ್ತದೆ? ಮನೆಯಲ್ಲಿ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಮನೆಯವರು ಕೂಡ ಪರವಾಗಿಲ್ಲ ಅಂದರು. ನನಗೆ ಹಳೆಯ ಭಯ ಮತ್ತೆ ಹಿಡಿಯಿತು. ಬೈಯುವವರು ಹೋದ ಮೇಲೆ ಈ ಮನೆಯಲ್ಲಿ ನಾನು ಮತ್ತೆ ನೆಂಟರವಳೇ?

ಮೊನ್ನೆ ಮೂರನೇ ಜ್ವರದ ದಿನ ಚಿಕ್ಕತ್ತೆ ತಾವಾಗಿಯೇ ಬಂದು, ಅಟ್ಟದಿಂದ ತಟ್ಟೆ ಇಳಿಸಿ ಕೂತರು. "ಬಿಚ್ಚಮ್ಮ. ಅಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ಬೈದಿರೋರು, ತೂತಾಗುತ್ತೆ ಅಂತ."

ಲಾಡಿ ಬಿಚ್ಚಿದೆ. ಎಲ್ಲ ಎಲೆಗಳನ್ನೂ ತಟ್ಟೆಗೆ ಸುರಿದು ಕಲೆಸಿದೆವು. ಕೈ ಬರಲಿಲ್ಲ, ಆದರೂ ಕಲೆಸಿದೆ. ಚಿಕ್ಕತ್ತೆ ಹುಡುಕಿ ಹುಡುಕಿ ಹುಳಗಳನ್ನೇ ಆರಿಸಿಕೊಂಡರು. ಆಟ ಶುರುವಾಯಿತು. ಅವರ ಕಂಬಳಿಹುಳ ತಟ್ಟೆಯ ಮೇಲೆ ಬಿತ್ತು. ನನಗೆ ಬೆಂಕಿ ಬರಲೇ ಇಲ್ಲ. ಸರದಿ ತುಂಬಿತು. ಚಿಕ್ಕತ್ತೆಯ ಬಗ್ಗಿದ ಕೈಯಲ್ಲಿ ಪತಂಗ ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರು ಅದನ್ನು ಅರ್ಧ ಎಳೆದರು, ನನ್ನ ಮುಖ ನೋಡಿದರು, ಮತ್ತೆ ಒಳಗೆ ತಳ್ಳಿ ಒಂದು ಬಡ ಮಿಡತೆಯನ್ನು ಇಟ್ಟರು.

"ಬೇಕಂತ ಸೋಲ್ತೀರಾ ಚಿಕ್ಕತ್ತೆ?" ಅಂದೆ. ನನ್ನ ದನಿ ಹಿತ್ತಲಿನವರೆಗೂ ಹೋಗಿರಬೇಕು. "ನಾನೇನು ನಿಮಗೆ ನೆಂಟ್ರಾ, ಉಪಚಾರ ಮಾಡೋಕೆ?"

ಚಿಕ್ಕತ್ತೆ ಬೆಚ್ಚಿ ನನ್ನನ್ನು ನೋಡಿದರು. ಕಣ್ಣು ತುಂಬಿಕೊಂಡಿತು. ಮಿಡತೆಯನ್ನು ವಾಪಸ್ಸು ತೆಗೆದುಕೊಂಡು, "ಇಲ್ಲ ಕಣೇ, ಕಣ್ಣು ಕಾಣಿಸಲಿಲ್ಲ" ಅಂದರು. ಆಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಪತಂಗವನ್ನು ಹುಳದ ಮೇಲಿಟ್ಟರು. ನಾನು ಸೋತೆ.