ಬಾವಿ ದಾರಿಯ ಗೋಡೆ

ಮೊನ್ನೆ ಬಿಜಾಪುರದ ನಮ್ಮ ಜಲನಗರದ ಮನೆಯ ಮುಂದಿನ ಬೇವಿನ ಗಿಡಕ್ಕೆ ಸುಣ್ಣ ಬಳಿಯಲು ಮಾಲಿ ಬಂದಿದ್ದ. ಬಕೆಟ್ಟಿನ ನೀರಿಗೆ ಸುಣ್ಣದ ಹರಳು ಹಾಕಿದ್ದೇ ತಡ, ಕೊತಕೊತ ಕುದಿದು ಹೊಗೆ ಎದ್ದಿತು. "ಅಕ್ಕೋರ, ಹಿಂದಕ ಸರೀರಿ, ಸಿಡೀತೈತಿ" ಎಂದು ಅವನು ಕೂಗಿದರೂ ನಾನು ಸರಿಯಲಿಲ್ಲ. ಆ ವಾಸನೆಗೆ ಕೆಲವರಿಗೆ ಕೆಮ್ಮು ಬರುತ್ತದೆ. ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. ಅತ್ತೆ ಎಂದ ಕೂಡಲೇ ಮುಖ ಗಂಟು ಹಾಕುವವರು ನೀವಾಗಿದ್ದರೆ ಒಂದಿಷ್ಟು ತಡೆಯಿರಿ. ನಾನೂ ಮೊದಮೊದಲು ಹಾಗೇ ಇದ್ದವಳು.

ನನ್ನ ತವರು ತೊರವಿ. ಮೆಟ್ರಿಕ್ ಪಾಸಾಗಿದ್ದೆ, ಅದರ ಜಂಭ ಮೈತುಂಬ ಇತ್ತು. ಎಪ್ಪತ್ತರ ದಶಕದ ಶುರುವಿನಲ್ಲಿ ನನ್ನನ್ನು ಬಬಲೇಶ್ವರದ ಒಕ್ಕಲುತನದ ಮನೆಗೆ ಕೊಟ್ಟರು. ಅಲ್ಲಿ ನನ್ನ ಮೆಟ್ರಿಕ್ಕು ಯಾವ ಉಪಯೋಗಕ್ಕೂ ಬರಲಿಲ್ಲ. ನಾನು ಬಡಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಸಣ್ಣ ಮೈದುನ, "ವೈನಿ, ಇದು ಯಾವ ಜಿಲ್ಲಾದ ನಕಾಶಿರಿ?" ಎಂದು ಕೇಳಿದ್ದ. ಮನೆಯವರೆಲ್ಲ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವರು ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಾವ ಮನೆಯಲ್ಲಿದ್ದರಂತೂ ಅವರು ಬಾಗಿಲ ಹಿಂದಿನ ಬರೀ ಬಳೆಯ ಸಪ್ಪಳ. ಆ ಮೌನವನ್ನು ನಾನು ಸಿಟ್ಟು ಎಂದುಕೊಂಡಿದ್ದೆ.

ಮದುವೆಯಾಗಿ ಮಗಳು ಹುಟ್ಟಿ, ಅವಳು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ನನ್ನ ಅಣ್ಣ ಒಂದು ಸುದ್ದಿ ತಂದ. ಬಿಜಾಪುರದಲ್ಲಿ ಶಿಕ್ಷಕಿಯರ ತರಬೇತಿ ಜೂನಿನಲ್ಲಿ ಶುರುವಾಗುತ್ತದೆ, ನನಗೆ ಜಾಗ ಸಿಗುತ್ತದೆ, ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು ಎಂದ. ಶಾಲೆಯಲ್ಲಿ ಪಾಠ ಹೇಳಬೇಕೆಂಬುದು ನಾನು ಲಂಗ ತೊಡುವ ಕಾಲದಿಂದ ಇಟ್ಟುಕೊಂಡ ಆಸೆ. ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದೇ ಮಾತು ಕೇಳಿದರು. "ಕೂಸಿನ್ನ ಯಾರು ನೋಡ್ಕೋತಾರ?" ನನ್ನ ಗಂಡ ಬಹಳ ಒಳ್ಳೆಯವರು, ಆದರೆ ಅಪ್ಪನ ಮುಂದೆ ಆ ಒಳ್ಳೆಯತನ ಅಂಗಿಯ ಕಿಸೆಯಲ್ಲೇ ಉಳಿಯುತ್ತಿತ್ತು. ಬಾಗಿಲ ಹಿಂದೆ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಅಣ್ಣ ಚಹಾ ಕುಡಿದು ಎದ್ದು ಹೋದ.

ಇಲ್ಲಿ ಖಾಜಾಬಿಯ ಮಾತು ಬರಬೇಕು. ಖಾಜಾಬಿ ತಿಕೋಟಾದ ಬಳೆಗಾರ್ತಿ. ತಲೆಯ ಮೇಲೆ ಬಳೆಯ ಗಂಟು ಹೊತ್ತು ಸುತ್ತಲಿನ ಊರುಗಳಿಗೆಲ್ಲ ಬರುತ್ತಿದ್ದಳು. ನಿಮ್ಮ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳು ಮಡಿಸಿ, ಬಳೆ ಏರಿಸುವಾಗ ನೋವಾಗಬಾರದೆಂದು ಮಾತಾಡಿಸುತ್ತಿದ್ದಳಲ್ಲ, ಆಗ ಹೆಂಗಸರು ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಡುತ್ತಿದ್ದರು. ನಾನೂ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿ, "ನಿಂದೊಂದ ಏನು, ಈ ಊರಾಗ ಎಲ್ಲಾರ ಹೊಟ್ಯಾಗೂ ಒಂದೊಂದು ಐತಿ ಬೇ. ಕೇಳಿ ಕೇಳಿ ನನ್ನ ಗಂಟs ಭಾರ ಆಗೇತಿ" ಅಂದಳು.

ಯುಗಾದಿ ಹತ್ತಿರ ಬಂದಿತ್ತು. ನಮ್ಮ ಓಣಿಯಿಂದ ಬಾವಿಗೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಮಣ್ಣಿನ ಗೋಡೆ. ಯಾರದ್ದೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಲ್ಲರದ್ದು. ಪ್ರತಿ ಯುಗಾದಿಗೆ ಓಣಿಯ ಹೆಂಗಸರು ಅದಕ್ಕೆ ಕೆಂಪು ಮಣ್ಣಿನ ಜಾಜು ಬಳಿದು, ಮೇಲೆ ಸುಣ್ಣದಿಂದ ಚಿತ್ರ ತೆಗೆಯುವುದು ರೂಢಿ. ಗಿಳಿ, ಕಮಲ, ಬಾಳೆಗೊನೆ. ಆ ವರ್ಷ ಖಾಜಾಬಿ ಗಂಟು ಇಳಿಸಿ ಗೋಡೆಗೆ ಬೆನ್ನು ಕೊಟ್ಟು ಕೂತು, "ಏನ ಬೇ, ವರ್ಷಾ ಅದs ಗಿಳಿ, ಅದs ಕಮಲ! ಗಿಳಿಗೂ ಬ್ಯಾಸರಾಗಿರಬೇಕು. ಈ ಸಲ ಒಬ್ಬೊಬ್ಬರು ಜೀವನದಾಗ ನಿಮಗೇನು ಬೇಕೋ ಅದನ್ನ ತಗೀರಿ" ಅಂದಳು.

"ಯಾರರೆ ಅಳಿಸಿದ್ರ?" ಎಂದು ಯಾರೋ ಕೇಳಿದರು.

"ಹಬ್ಬದ ಗ್ವಾಡಿ ಮುಂದಿನ ಯುಗಾದಿ ತನಕ ಯಾರು ಅಳಸ್ತಾರ? ಇನ್ನೊಬ್ಬರ ಚಿತ್ರಕ್ಕ ಕೂಡಸೂದಿದ್ರ ಕೂಡಸ್ರಿ. ಅಳಸೂದು ಮಾತ್ರ ಇಲ್ಲ."

ಹೀಗೆ ಶುರುವಾಯಿತು ನೋಡಿ. ಎಂಥ ನಗು, ಎಂಥ ನಾಚಿಕೆ! ನೀಲವ್ವ ಎಂಬಾಕೆ ಬಾವಿಯ ಮೇಲೆ ನೀರು ಸೇದುವ ಒಂದು ಗಾಲಿ ತೆಗೆದಳು. ಹಗ್ಗ ಜಗ್ಗಿ ಜಗ್ಗಿ ಅಂಗೈ ಸುಲಿದಿತ್ತು ಅವಳದು. ಇನ್ನೊಬ್ಬಾಕೆ ಗೋಳಗುಮ್ಮಟ ತೆಗೆದು ಪಕ್ಕದಲ್ಲಿ ತೆರೆದ ಬಾಯಿ ಇಟ್ಟಳು. ಇದೇನೆಂದು ಕೇಳಿದರೆ, "ಮ್ಯಾಲ ಹತ್ತಿ ನನ್ನ ಹೆಸರು ಜೋರಾಗಿ ಒದರಬೇಕವ್ವಾ. ಮನ್ಯಾಗ ಎಲ್ಲಾರೂ ಅವನ ಅವ್ವ, ಇವನ ಅವ್ವ ಅಂತಾರ. ನನ್ನ ಹೆಸರು ನಾನs ಮರತೀನಿ" ಅಂದಳು. ಖಾಜಾಬಿ ತನ್ನ ಗಂಟು ಹೊರಲು ಒಂದು ಕುದುರೆ ತೆಗೆದಳು. ಅದು ಕುದುರೆಯೋ ಕತ್ತೆಯೋ ಎಂದು ಜಗಳವಾಯಿತು. "ಯಾವುದಾದ್ರೂ ನಡೀತೈತಿ, ಹೊತ್ತರ ಸಾಕು" ಎಂದಳು. ನಾನು ಬಸ್ಸು ತೆಗೆದು, ಕಿಡಕಿಯಲ್ಲಿ ನನ್ನನ್ನು ಕೂಡಿಸಿ, ಕೈಯಲ್ಲಿ ಪುಸ್ತಕ ಕೊಟ್ಟೆ. ಪುಸ್ತಕ ಬಸ್ಸಿಗಿಂತ ದೊಡ್ಡದಾಯಿತು, ಅದು ಬೇರೆ ಮಾತು.

ಅತ್ತೆ ಬಂದಿರಲಿಲ್ಲ. "ಸುಣ್ಣಕ್ಕ ನನ್ನ ಕೈ ಒಡೀತಾವು. ನೀ ಹೋಗು" ಅಂದಿದ್ದರು. ಬಸ್ಸು ತೆಗೆದು ಮನೆಗೆ ಬಂದ ಮೇಲೆ ನನಗೆ ಹೆದರಿಕೆ ಹತ್ತಿತು. ಮಾವ ಗುಡಿಗೆ ಹೋಗುವುದು ಅದೇ ದಾರಿಯಲ್ಲಿ. ಸೊಸೆ ಊರ ಗೋಡೆಯ ಮೇಲೆ ಮಾವನ ಮಾತಿಗೆ ಎದುರಾಡಿದಂತಾಯಿತಲ್ಲ. ಅಳಿಸೋಣವೆಂದರೆ ಅಳಿಸುವಂತಿಲ್ಲ.

ಮರುದಿನ ಮುಂಜಾನೆ ನಾನು ನೀರಿಗೆ ಹೋದಾಗ ಗೋಡೆಯ ಮುಂದೆ ಹೆಂಗಸರು ನೆರೆದಿದ್ದರು. ನನ್ನ ಬಸ್ಸಿನ ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಬದನೆಕಾಯಿಯಂಥ ತಲೆ, ಬಗಲಲ್ಲಿ ಅವಳಷ್ಟೇ ದಪ್ಪನೆಯ ಕೂಸು. ಒಂದು ಕೈ ಎತ್ತಿ ಬಸ್ಸಿಗೆ 'ಹೋಗು' ಎನ್ನುತ್ತಿದ್ದಳು. ಯಾರು ತೆಗೆದದ್ದೆಂದು ಯಾರೂ ಬಾಯಿ ಬಿಡಲಿಲ್ಲ. ಖಾಜಾಬಿಯೇ ಇರಬೇಕು ಎಂದುಕೊಂಡು ಮನೆಗೆ ಬಂದೆ. ಒಲೆಯ ಮುಂದೆ ಕೂತಿದ್ದ ಅತ್ತೆ ಹಿಟ್ಟಿನ ಪರಾತವನ್ನು ನನ್ನ ಕಡೆ ಸರಿಸಿ, "ಇವತ್ತ ರೊಟ್ಟಿ ನೀ ಬಡಿ" ಅಂದರು. ಆ ನಕಾಶೆಯ ರೊಟ್ಟಿಯ ನಂತರ ಎಂದೂ ಹಾಗೆ ಹೇಳಿದವರಲ್ಲ. ನೋಡಿದೆ. ಅವರ ಬಲಗೈಯ ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು. ಸುಣ್ಣ ತಿಂದಿತ್ತು.

ಅವರು, "ಹಿಟ್ಟು ಒಣಗತೈತಿ, ಲಗೂನ ಬಡಿ" ಎಂದು ಆಚೆ ನೋಡಿದರು. ಆ ದಿನ ನಾನು ಬಡಿದ ರೊಟ್ಟಿ ಯಾವ ಜಿಲ್ಲೆಯ ನಕಾಶೆಯಾಗಿತ್ತೋ ದೇವರಿಗೇ ಗೊತ್ತು, ಕಣ್ಣಲ್ಲಿ ನೀರು ತುಂಬಿ ನನಗೇನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಮಾವ ಊಟಕ್ಕೆ ಕೂತರು. ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ, "ಗ್ವಾಡಿ ನೋಡಿದೆ" ಅಂದರು. ನಾನು ನೀರಿನ ತಂಬಿಗೆ ಹಿಡಿದು ಕಂಬದಂತೆ ನಿಂತೆ.

"ಕೂಸನ್ನ ಎತಗೊಂಡು ನಿಂತಾಕಿ ಯಾರು?"

ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. ಮಾವನಿಗೆ ಅವರು ಹಾಗೆ ನೇರ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾನs ರಿ. ಊರ ಮಂದಿ ಎಲ್ಲಾ ನೋಡ್ಯಾರ. ಈಗ ನಾ ಕೂಸಿನ್ನ ನೋಡ್ಕೊಳ್ಳಾಂಗಿಲ್ಲ ಅಂದ್ರ ನನ್ನ ಮಾರಿ ಏನ ಉಳೀತೈತಿ?"

ಮಾವ ಇನ್ನೊಂದು ತುತ್ತು ತಿಂದರು. ನೀರು ಕುಡಿದರು. ಕೈ ತೊಳೆದು ಎದ್ದು ಹೊರಡುವಾಗ ಹೊಸ್ತಿಲ ಮೇಲೆ ನಿಂತು, "ಬಿಜಾಪುರದ ಬಸ್ಸು ಮುಂಜಾನೆ ಎಷ್ಟಕ್ಕ ಐತಿ, ಕೇಳಿಕೊಂಡು ಬರ್ತೇನಿ" ಅಂದರು.

ಅಷ್ಟೇ. ಜೂನಿನಲ್ಲಿ ನಾನು ತರಬೇತಿಗೆ ಹೋದೆ. ಆಮೇಲೆ ಸಾರವಾಡದ ಶಾಲೆಗೆ ಮಾಸ್ತರಿಣಿಯಾದೆ. ಬಾವಿಗೂ ಗಾಲಿ ಬಂತು. ಗೋಡೆಯ ಮುಂದೆ ದಿನಾ ಹಾದುಹೋಗುವ ಗಂಡಸರಿಗೆ ನಾಚಿಕೆಯಾಗಿ ಬಡಿಗನಿಗೆ ಹೇಳಿ ಮಾಡಿಸಿದರು. ಗೋಳಗುಮ್ಮಟ ತೆಗೆದಾಕೆಯನ್ನು ಅಲ್ಲಿಗೆ ಖಾಜಾಬಿಯೇ ಕರೆದುಕೊಂಡು ಹೋದಳು. ಕುದುರೆ ಮಾತ್ರ ಅವಳಿಗೆ ದಕ್ಕಲಿಲ್ಲ. ಕೇಳಿದರೆ ನಗುತ್ತಿದ್ದಳು. ಅವಳ ಆ ನಗುವಿಗೆ ನಾನೇನು ಕೊಟ್ಟರೂ ಸಾಲದು.

ಬಹಳ ವರ್ಷಗಳ ಮೇಲೆ, ಮಾವ ತೀರಿಕೊಂಡ ನಂತರ, ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಒಂದು ಮಧ್ಯಾಹ್ನ ಕೇಳಿದೆ. "ಅತ್ತಿ, ಆವತ್ತ ಎಲ್ಲಾರೂ ತಮಗ ಬೇಕಾದ್ದ ತಗದ್ರು. ನೀವು ನನ್ನ ಸಲುವಾಗಿ ಬೆರಳು ಸುಟ್ಕೊಂಡ್ರಿ. ನಿಮಗಂತ ಏನೂ ಕೇಳಲಿಲ್ಲಲ್ಲರಿ?"

ಅತ್ತೆ ತಿರುಗಿ ನೋಡಿದರು. "ಅಯ್ಯ ನಮ್ಮವ್ವಾ! ಇಷ್ಟ ಓದೀದಿ, ಅಷ್ಟೂ ತಿಳೀಲಿಲ್ಲೇನು? ಅದ ನಂದs ಬೇ. ಇಷ್ಟು ಹುಡುಗರನ್ನ ಹಡದೆ, ಒಂದನ್ನರೆ ಬಗಲಾಗ ಇಟಗೊಂಡು ಬೆಳಕ ಹರದ ಮ್ಯಾಲ ಬಾಗಲಾಗ ಸುಮ್ಮನ ನಿಂತಾಕಿ ಅಲ್ಲ. ಹಡದ ಕೂಡಲೆ ಹೊಲ, ದನ, ಒಲಿ. ನೀ ಬಸ್ ಹತ್ತಿದ ಮ್ಯಾಲ ಆ ಹುಡುಗೀನ ಎತಗೊಂಡು ದಿನಾ ನಿಂದರತಿದ್ದೆ. ಯಾರಾದ್ರೂ ಕೇಳಿದ್ರ, ಸೊಸಿ ಸಾಲಿ ಕಲ್ಯಾಕ ಹೋಗ್ಯಾಳ ಅಂತಿದ್ದೆ. ನಿನ್ನ ನೆವದಾಗ ನಾ ನಿಂತೆ."

ಇದು ನಿಜವೋ, ನನ್ನ ಮೇಲಿನ ಋಣದ ಭಾರ ಇಳಿಸಲು ಆಡಿದ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದಾದರೂ ಸರಿ, ಅವರಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಿನ್ನೆ ನನ್ನ ಮೊಮ್ಮಗಳು ತನ್ನ ಆರು ತಿಂಗಳ ಕೂಸನ್ನು ಕರೆದುಕೊಂಡು ಬಂದಿದ್ದಳು. ಬೆಳಗ್ಗೆ ಅದನ್ನು ಬಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಹೋದೆ. ಒಳಗೆ ಕುಕ್ಕರ್ ಕೂಗಿತು, ಫೋನು ಬಡಿದುಕೊಂಡಿತು. "ಅಜ್ಜಿ, ಅಲ್ಲೇನ ಮಾಡಾಕತ್ತೀರಿ?" ಎಂದು ಮೊಮ್ಮಗಳು ಕೂಗಿದಳು.

"ಏನೂ ಇಲ್ಲ, ನಿಂತೇನಿ" ಅಂದೆ. ಬಿಸಿಲು ಕಾಲಿಗೆ ಬರುವವರೆಗೂ ಅಲ್ಲೇ ನಿಂತಿದ್ದೆ.