ಎರಡು ಹೊಲಿಗೆಯ ಪರದೆ

ಕಿಟಕಿ ಪರದೆ ಹೊಲಿದು ಬದುಕುವ ಅವಳಿಗೆ ತನ್ನವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಬಾಯಿಗೆ ತುತ್ತಿಟ್ಟು ಸಾಕಿದವಳು. ಆ ಅಕ್ಕ ಈಗ ಹಾಸಿಗೆ ಹಿಡಿದಿದ್ದಳು, ತಟ್ಟೆ ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದಳು. ಹೊಟ್ಟೆಗೆ ಏನೂ ಹೋಗದಿದ್ದರೆ ಔಷಧಿಯಿಂದ ಏನೂ ಆಗುವುದಿಲ್ಲ ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು. ಕೊನೆಗೊಮ್ಮೆ ಅಕ್ಕನೇ ಬಾಯಿಬಿಟ್ಟಳು: ಹಾಸಿಗೆ ಹಿಡಿಯುವ ಮುಂಚೆ ಹಿತ್ತಲಲ್ಲಿ ತಾನೇ ನೆಟ್ಟ ಬ್ರೊಕೊಲಿ ಹೂ ಕಟ್ಟಿದರೆ ತಿಂದು ನೋಡುತ್ತಾಳಂತೆ.

ಸರಿ, ತಂಗಿಗೆ ಅದೇ ಜಪವಾಯಿತು. ಗೊಬ್ಬರ ಕೊಟ್ಟದ್ದೇನು, ಬುಡ ತಂಪಾಗಿರಲಿ ಅಂತ ಒಣಹುಲ್ಲು ಹೊದಿಸಿದ್ದೇನು! ತನ್ನ ಊಟದ ನೆನಪೂ ಇರಲಿಲ್ಲ. ಗಿಡಗಳು ಮೈದುಂಬಿಕೊಂಡವು. ಅಷ್ಟರಲ್ಲಿ ಬಿಳಿ ಚಿಟ್ಟೆಗಳು ಸುಳಿಯತೊಡಗಿದವು. ಅವು ಮೊಟ್ಟೆಯಿಟ್ಟರೆ ಹುಳು ಬೀಳುವುದು ಖಂಡಿತ ಅಂದ, ಪಕ್ಕದ ಮನೆಯ ಬಡಗಿ. ತಂಗಿಗೆ ಬರುವುದು ಒಂದೇ ವಿದ್ಯೆ, ಹೊಲಿಗೆ. ಸೊಳ್ಳೆಪರದೆಯ ಬಟ್ಟೆ ತಂದು ಸಾಲಿನುದ್ದಕ್ಕೂ ಗವಸು ಹೊಲಿದಳು. ಗೂಟಗಳ ಮೇಲೆ ಹೊದಿಸಿ, ಎರಡೆರಡು ಹೊಲಿಗೆ ಹಾಕಿ, ಅಂಚನ್ನು ಮಣ್ಣಲ್ಲಿ ಹೂತಳು. ಗುಬ್ಬಿಗಳನ್ನೂ ಹುಶ್ ಹುಶ್ ಅಂತ ಓಡಿಸಿದಳು. ತುದಿಯ ಒಂದು ಗಿಡಕ್ಕೆ ಬಟ್ಟೆ ಸಾಲಲಿಲ್ಲ. ಹಾಳಾಗಿ ಹೋಗಲಿ ಅಂತ ಅದನ್ನು ಬಿಟ್ಟಳು.

ಹೊಲಿಯುವ ಮೊದಲು ಎಲೆ ಮಗುಚಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ ಪುಣ್ಯಾತ್ಗಿತ್ತಿಗೆ. ಮೊಟ್ಟೆಗಳು ಆಗಲೇ ಎಲೆಯಡಿ ಅಂಟಿಕೊಂಡಿದ್ದವು.

ಹೂ ಬಲಿತಿರಬೇಕು ಅಂತ ಒಂದು ಬೆಳಿಗ್ಗೆ ಹೊಲಿಗೆ ಬಿಚ್ಚಿದಳು. ಎಲೆಗಳಲ್ಲಿ ನರ ಬಿಟ್ಟರೆ ಏನೂ ಉಳಿದಿರಲಿಲ್ಲ. ಹೂಗಳ ಸಂದಿಯಲ್ಲೆಲ್ಲ ಹಸಿರು ಹುಳು, ಹುಳುವಿನ ಹಿಕ್ಕೆ. ಹೆಕ್ಕಿ ತಿನ್ನಬೇಕಾದ ಗುಬ್ಬಿಗಳನ್ನು ಹೊರಗಿಟ್ಟು, ಹುಳುಗಳನ್ನು ಒಳಗಿಟ್ಟು ಹೊಲಿದಿದ್ದಳು! ಕೈಯಾರೆ ಅಕ್ಕನ ಬಾಯಿಗೆ ಮಣ್ಣು ಹಾಕಿದೆನಲ್ಲ ಅಂತ ಅಲ್ಲೇ ಕುಸಿದು ಕೂತು ಅತ್ತಳು.

ಅಕ್ಕನ ಹಾಸಿಗೆ ಪಕ್ಕದ ಕಿಟಕಿಯ ಗಾಜಿನ ಮೇಲೆ ಟಕಟಕ ಸದ್ದಾಯಿತು. ಒಳಗೆ ಓಡಿದಳು.

“ಆ ತುದೀದು ನೋಡೇ,” ಅಂದಳು ಅಕ್ಕ. “ಗುಬ್ಬಿಗಳು ದಿನಾ ಅದರಲ್ಲಿ ಹುಳ ಹೆಕ್ತಿದ್ವು. ನಾನು ಮಲಗಿದಲ್ಲಿಂದ ಅದನ್ನೇ ನೋಡ್ತಿದ್ದೆ.”

ಹಾಳಾಗಲಿ ಅಂದಿದ್ದ ಗಿಡದಲ್ಲಿ ಮುಷ್ಟಿಯಷ್ಟು ಹೂ ಗಟ್ಟಿಯಾಗಿ ಕೂತಿತ್ತು. ಕೊಯ್ದು, ಉಪ್ಪುನೀರಲ್ಲಿ ಅದ್ದಿ ತೆಗೆದು, ಮೆತ್ತಗೆ ಬೇಯಿಸಿ ತಂದಳು. ಅಕ್ಕ ಒಂದು ಎಸಳು ಬಾಯಿಗಿಟ್ಟು ತುಂಬಾ ಹೊತ್ತು ಅಗಿದಳು. ನುಂಗಿದಳು. ತಂಗಿ ಎರಡನೆಯದನ್ನು ಹಿಡಿದಾಗ ಬೇಡ ಅಂತ ತಲೆಯಾಡಿಸಿದಳು.

“ಇನ್ನೊಂದೇ ಒಂದು, ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ.”

ಅಕ್ಕ ಅವಳ ಕೈಯಿಂದ ಆ ಎಸಳನ್ನು ತಗೊಂಡು ಅವಳ ಬಾಯಿಯ ಹತ್ತಿರವೇ ತಂದಳು.

“ನೀನು ಉಂಡು ಎಷ್ಟು ದಿನ ಆಯ್ತು? ಮೊದಲು ನೀನು ತಿನ್ನು. ಆಮೇಲೆ ನಾನು.”

ತಂಗಿ ಬಾಯಿ ತೆರೆದಳು. ಅಳು ಉಕ್ಕಿ ಬಂತು. ಆದರೂ ನುಂಗಿದಳು; ಅಕ್ಕ ನೋಡುತ್ತಿದ್ದಳಲ್ಲ.