ಪ್ಯಾಕಿಂಗ್ ಮೇಲಿನ ಮೂರು ಗೆರೆ

ನಮ್ಮ ಯಜಮಾನರಾದ ಗೌರೀಶಂಕರ ಅವರಿಗೆ ಯಾರಿಗೂ ‘ಬೇಡ’ ಎನ್ನಲು ಬರುವುದಿಲ್ಲ. ತಿಲಕ್ ನಗರಕ್ಕೆ ಬಾಡಿಗೆಗೆ ಬಂದ ಹೊಸದರಲ್ಲಿ, ಮನೆ ಬಾಗಿಲಿಗೆ ಬಂದ ಮೂರು ಜನರಿಂದ ಮೂರು ಇಡ್ಲಿ ಕುಕ್ಕರ್ ಕೊಂಡ ಪುಣ್ಯಾತ್ಮರು ಅವರು. ಆಫೀಸಿನಲ್ಲಿ ಯಾರ ಫೈಲು ಉಳಿದರೂ ಇವರ ಮೇಜಿಗೇ ಬರುತ್ತದೆ. ಇಂಥವರು ಹಟ ಹಿಡಿದು ಉಳಿಸಿಕೊಂಡ ವಸ್ತು ಒಂದೇ. ಅದು ಇಳಕಲ್ಲಿನಿಂದ ಲಾರಿಯಲ್ಲಿ ಹಾಕಿಸಿಕೊಂಡು ತಂದ ಹಳೆಯ ಬೈಕು.

ಅದನ್ನು ಅವರು ಮೆಕ್ಯಾನಿಕ್ ಕೈಗೂ ಕೊಡುವವರಲ್ಲ. ಭಾನುವಾರ ಬಂತೆಂದರೆ ಹಳೆ ಲುಂಗಿ ಉಟ್ಟು, ನಾನು ಹಿಟ್ಟು ನಾದುವ ಪರಾತದಲ್ಲಿ ನಟ್ಟು ಬೋಲ್ಟು ತುಂಬಿಕೊಂಡು ಪೋರ್ಟಿಕೋದಲ್ಲಿ ಕೂತುಬಿಡುತ್ತಾರೆ. ಊಟಕ್ಕೆ ಮೂರು ಸಲ ಕೂಗಬೇಕು. ಈ ಗಾಡಿಯನ್ನು ಯಾವನಾದರೂ ಕಳ್ಳ ಹೊತ್ತುಕೊಂಡು ಹೋಗಬಾರದೇ ಎಂದು ನಾನು ಬಹಳ ಸಲ ಅಂದುಕೊಂಡದ್ದುಂಟು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಸ್ಟ್ಯಾಂಡ್ ಜಾರಿ ಬೈಕು ಮೆಟ್ಟಿಲ ಮೇಲೆ ಬಿತ್ತು, ಎಂಜಿನ್ನಿನ ಪಕ್ಕದ ಕವರ್ ಸೀಳಿತು. ಅಲ್ಲಿಂದ ಆಯಿಲ್ ತೊಟ್ಟಿಕ್ಕತೊಡಗಿತು. ತೊಟ್ಟಿಕ್ಕಲು ಅದಕ್ಕೆ ಸಿಕ್ಕ ಜಾಗವಾದರೂ ಯಾವುದು? ಮನೆ ಓನರ್ ಗಿರಿಜಾದೇವಿಯವರು ಹೊಸದಾಗಿ ಹಾಕಿಸಿದ್ದ ಮೊಸಾಯಿಕ್ ನೆಲ! ನಾಲ್ಕು ದಿನ ಸಹಿಸಿಕೊಂಡು ಐದನೇ ದಿನ ಅವರು ಕೆಳಗಿಳಿದು ಬಂದರು.

“ನೋಡಿ ಗೌರೀಶಂಕರ್, ನಿಮ್ಮಂಥ ಬಾಡಿಗೆಯವರು ಸಿಗಲ್ಲ, ಒಪ್ಕೋತೀನಿ. ಸೋಮವಾರ ಬೆಳಿಗ್ಗೆ ಈ ಗಾಡಿ ಕೆಳಗೇ ರಂಗೋಲಿ ಹಾಕ್ತೀನಿ. ಸಾಯಂಕಾಲದೊಳಗೆ ಅದರ ಮೇಲೆ ಒಂದು ಹನಿ ಆಯಿಲ್ ಬಿದ್ರೂ ಗಾಡಿ ಗೇಟಿಂದ ಆಚೆ.”

“ಆಯ್ತು ಮೇಡಂ,” ಎಂದರು ಇವರು. ಇನ್ನೇನು ಹೇಳಿಯಾರು?

ನಮ್ಮ ಬೀದಿಯಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಗೇಟಿನಿಂದ ಆಚೆ ಎಂದರೆ ಮಾರುವುದೇ ಸರಿ. ಅಂದು ಊಟಕ್ಕೆ ಕೂತವರು ಎರಡನೇ ರೊಟ್ಟಿ ಕೇಳಲಿಲ್ಲ. ಕಳ್ಳನನ್ನು ಕರೆದ ನನ್ನ ಮನಸ್ಸಿಗೆ ನಾನೇ ನಾಲ್ಕು ಬೈದುಕೊಂಡೆ.

ಶನಿವಾರ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಕವರ್ ಬಂತು. ಭಾನುವಾರ ಬೆಳಿಗ್ಗೆ ಎಂಜಿನ್ ಬಿಚ್ಚಿದಾಗ ಒಳಗಿನ ಪುಶ್‌ರಾಡ್ ಒಂದು ಬಾಗಿರುವುದು ಕಂಡಿತು. ವಾಲ್ವ್‌ಗಳನ್ನು ತೆರೆಸಲು ಮೇಲೆ ಕೆಳಗೆ ಓಡಾಡುವ ಬೆರಳು ದಪ್ಪದ ಸರಳು ಅದು. ಇಂಥ ದಿನ ಬರುತ್ತದೆಂದೇ ಇವರು ಕೂಡಿಟ್ಟಿದ್ದ ಎರಡು ಜೊತೆ ಪುಶ್‌ರಾಡ್ ಟ್ರಂಕಿನಿಂದ ಹೊರಬಂದವು. ಯಾವ ಜೊತೆ ಹಾಕುವುದು? ಎರಡನ್ನೂ ಕಣ್ಣಿಗೆ ಹಿಡಿದು ಹಿಡಿದು ನೋಡಿದರು, ತೀರ್ಮಾನವೇ ಆಗಲಿಲ್ಲ.

ನಮ್ಮ ಅತ್ತೆ ರೇಣುಕವ್ವ ಇಳಕಲ್ಲಿನಿಂದ ಹದಿನೈದು ದಿನಕ್ಕೆಂದು ಬಂದಿದ್ದರು. ನಲವತ್ತು ವರ್ಷ ಮಗ್ಗದಲ್ಲಿ ಸೀರೆ ನೇಯ್ದವರು.

“ತಾರೋ ಇಲ್ಲಿ,” ಎಂದು ಸರಳುಗಳನ್ನು ಕಸಿದುಕೊಂಡು, ಟೀಪಾಯಿಯ ಗಾಜಿನ ಮೇಲೆ ಒಂದೊಂದಾಗಿ ಉರುಳಿಸಿದರು. ಮೊದಲ ಜೊತೆಯಲ್ಲೊಂದು ಟಕಟಕ ಎಂದು ಕುಂಟಿತು. ಇನ್ನೊಂದು ಜೊತೆ ಸದ್ದಿಲ್ಲದೆ ಉರುಳಿ ಅಂಚು ಮುಟ್ಟಿತು.

“ಇವೆರಡೂ ನೆಟ್ಟಗದಾವ. ಮಗ್ಗದ ಕಡ್ಡಿನೂ ಹಿಂಗ ನೋಡತಿದ್ವಿ. ಇವನ್ನ ಹಾಕು.”

ಅವನ್ನೇ ಹಾಕಿದರು. ಪುಶ್‌ರಾಡ್ ಬೆರಳಲ್ಲಿ ಹಿಡಿದರೆ ಸಲೀಸಾಗಿ ತಿರುಗಬೇಕಂತೆ, ಆದರೆ ಮೇಲೆ ಕೆಳಗೆ ಅಲ್ಲಾಡಬಾರದಂತೆ. ಅಷ್ಟು ಹದ ಸಿಗಲು ಒಂದು ಗಂಟೆ ಬೇಕಾಯಿತು. ನನ್ನ ಜಡೆ ಹಿಡಿದಾದರೂ ಇಷ್ಟು ಅಕ್ಕರೆ ತೋರಿದವರಲ್ಲ, ಬಿಡಿ.

ಅಷ್ಟರಲ್ಲಿ ಅತ್ತೆ ವಿಭೂತಿ ಕಲಸಿ ತಂದರು. ನಮ್ಮ ಮನೆಗೆ ಹೊಸದಾಗಿ ಏನು ಬಂದರೂ, ಪೊರಕೆಯಾದರೂ ಸರಿ, ಅವರ ಮೂರು ಬೆರಳು ಅದರ ಮೇಲೆ ಎಳೆಯಲೇಬೇಕು. ಹೊಸ ಕವರ್ ಪೇಪರಿನ ಮೇಲೆ ಅಂಗಾತ ಮಲಗಿತ್ತು. ಎಂಜಿನ್ನಿಗೆ ಕೂರುವ ಅಂಚು ಮೇಲಿತ್ತು. ಅತ್ತೆ ಆ ಅಂಚಿನ ಮೇಲೆಯೇ ದಪ್ಪಗೆ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟು ಕೈಮುಗಿದರು.

ಇವರು ನೋಡಿದರು. ಅದೇ ಅಂಚನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಪೆಟ್ರೋಲಿನಲ್ಲಿ ಒರೆಸಿದ್ದ ಮನುಷ್ಯ. ಕೈಯಲ್ಲಿ ಬಟ್ಟೆ ಇತ್ತು. ಅವ್ವ ಹಚ್ಚಿದ ವಿಭೂತಿಯನ್ನು ಒರೆಸಲು ಕೈ ಬರಲಿಲ್ಲ. ಅದರ ಮೇಲೆಯೇ, ಆಯಿಲ್ ಸೋರದಂತೆ ನಡುವೆ ಇಡುವ ಕಾಗದದ ಪ್ಯಾಕಿಂಗ್ ಕೂರಿಸಿ, ಕವರ್ ಬಿಗಿದು, ಆಯಿಲ್ ತುಂಬಿ ಸ್ಟಾರ್ಟ್ ಮಾಡಿದರು.

ಎಂಜಿನ್ ಸದ್ದು ಸೊಗಸಾಗಿತ್ತು. ಮೂರು ಗಂಟೆಗೆ ಕೆಳಗಿನ ಪೇಪರಿನ ಮೇಲೆ ನಾಲ್ಕು ಹನಿ ಬಿದ್ದಿದ್ದವು.

ಮತ್ತೆ ಬಿಚ್ಚಿದರು. ಪ್ಯಾಕಿಂಗ್ ಕಾಗದದ ಮೇಲೆ ಮೂರು ಗೆರೆಗಳು ಗಟ್ಟಿಯಾಗಿ ಒಣಗಿ ಕೂತಿದ್ದವು, ನಡುವೆ ಕುಂಕುಮದ ಹೆಂಟೆ. ಆಯಿಲ್ ಅದರ ಪಕ್ಕದಿಂದಲೇ ದಾರಿ ಮಾಡಿಕೊಂಡಿತ್ತು. ಇವರು ಕಾಗದವನ್ನು ಲುಂಗಿಯ ಮಡಿಕೆಯಲ್ಲಿ ಬಚ್ಚಿಡಲು ನೋಡಿದರು. ಅತ್ತೆ ಬಿಡಲಿಲ್ಲ. ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಇದು ನನ್ನ ಕೈ ಕೆಲಸ. ನೀ ಆವಾಗ್ಲೇ ನೋಡಿದ್ದೀ, ಹೌದಿಲ್ಲೋ?”

“ಹೌದವ್ವಾ.”

“ಮತ್ತ ಯಾಕ ಹೇಳಲಿಲ್ಲ? ಬ್ಯಾಡ ಅಂದ್ರ ನಾ ಸಿಟ್ಟಾಗತಿದ್ನೇನು?”

“ಗೊತ್ತಿಲ್ಲವ್ವಾ. ಯಾವತ್ತೂ ಅಂದು ನೋಡಿಲ್ಲ.”

ಅತ್ತೆ ತಮ್ಮ ಸೆರಗಿನಿಂದಲೇ ಕವರಿನ ಆ ಅಂಚನ್ನು ತಿಕ್ಕಿ ಒರೆಸಿದರು, ಸೆರಗನ್ನು ಕಣ್ಣಿಗೊತ್ತಿಕೊಂಡರು. ಇವರು ಹೊಸ ಪ್ಯಾಕಿಂಗ್ ಕತ್ತರಿಸಿ, ಕೂರಿಸಿ, ಒಂದೊಂದೇ ಸ್ಕ್ರೂ ಬಿಗಿಯುವವರೆಗೂ ಅತ್ತೆ ವಿಭೂತಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕಾದು ನಿಂತಿದ್ದರು. ಕೊನೆಯ ಸ್ಕ್ರೂ ಮುಗಿದ ಮೇಲೆ, “ಈಗ ಹಚ್ಚವ್ವಾ, ಹೊರಗ,” ಎಂದರು ಇವರು. ನನಗೆ ಅಳು ನಗು ಎರಡೂ ಬಂತು.

ಸೋಮವಾರ ಬೆಳಿಗ್ಗೆ ಗಿರಿಜಾದೇವಿಯವರು ಹೇಳಿದಂತೆಯೇ ಎಂಜಿನ್ನಿನ ಕೆಳಗೆ ಕೂತು ಎಂಟೆಳೆಯ ರಂಗೋಲಿ ಹಾಕಿದರು. ನಾನು ಅಂದು ಹಾಲು ಉಕ್ಕಿಸಿದೆ, ಸಾರಿಗೆ ಉಪ್ಪು ಮರೆತೆ, ಅರ್ಧ ಗಂಟೆಗೊಮ್ಮೆ ಹೋಗಿ ಬಗ್ಗಿ ನೋಡಿದೆ. ಸಾಯಂಕಾಲ ಇವರು ಬಸ್ಸಿನಲ್ಲಿ ಆಫೀಸಿನಿಂದ ಬಂದಾಗ ರಂಗೋಲಿ ಬೆಳ್ಳಗೆ ಹಾಗೇ ಇತ್ತು.

“ಇರ್ಲಿ ಬಿಡಿ, ಗಾಡಿ ಇಲ್ಲೇ ಇರ್ಲಿ,” ಎಂದು ಗಿರಿಜಾದೇವಿಯವರು ನಕ್ಕರು. ಕವರಿನ ಮೇಲಿನ ವಿಭೂತಿ ಅವರ ಕಣ್ಣಿಗೆ ಬಿತ್ತು. “ರೇಣುಕಮ್ಮ, ನಮ್ಮ ನೀರಿನ ಮೋಟರ್ ವಾರಕ್ಕೊಂದ್ಸಲ ಕೈ ಕೊಡತ್ತೆ. ಅದಕ್ಕೂ ಸ್ವಲ್ಪ ಹಚ್ಚಿಬಿಡಿ.”

ಅತ್ತೆ ಆಗಲೇ ವಿಭೂತಿ ಕಲಸಿಯಾಗಿತ್ತು. ಮೋಟರಿನ ಮುಂದೆ ಮೂರು ಬೆರಳು ಎತ್ತಿದವರು ನಿಂತು, ಹಿಂದಕ್ಕೆ ತಿರುಗಿ ಮಗನ ಮುಖ ನೋಡಿದರು.

ಇವರು ಮೋಟರಿಗೆ ಕೈ ಅಡ್ಡ ಹಿಡಿದರು.

“ಬ್ಯಾಡವ್ವಾ. ಶಾಕ್ ಹೊಡೀತೈತಿ. ಗ್ವಾಡಿಗೆ ಹಚ್ಚು.”

ಅತ್ತೆ ಗೋಡೆಗೆ ಹಚ್ಚಿದರು.